ಶಾರ್ಟಿ, ಸ್ಯಾಡಲ್, ಸ್ಟಿಕ್: ಬ್ಯಾಟರಿ ನೋಡಿ ಫೋರ್ ವೀಲ್ ಬಗ್ಗಿ ಆರಿಸುವುದು ಹೇಗೆ?

ಕೆಂಪುಧೂಳು (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ರಿಮೋಟ್‌ನಲ್ಲಿ ಓಡಿಸುವ (ಆರ್‌ಸಿ) ಟೂ ವೀಲ್ ಡ್ರೈವ್ ಬಗ್ಗಿ ಕಾರಿನಲ್ಲಿ ಕೈ ಸ್ವಲ್ಪ ಕುದುರಿದೆ. ಈಗ ಫೋರ್ ವೀಲ್ ಡ್ರೈವ್ ರೇಸಿಂಗ್ ಬಗ್ಗಿ ತಗೋಬೇಕು ಅಂತ ಆಸೆ. ಎದುರಿಗೆ ನಾಲ್ಕು ಕಾರುಗಳಿವೆ. ನಾಲ್ಕರಲ್ಲೂ ಬ್ಯಾಟರಿ ಕೂರುವ ರೀತಿ ಬೇರೆ ಬೇರೆ.

ಮೊದಲನೇದು ಪರಿಚಯದವರು ಮಾರುತ್ತಿರುವ ಹಳೇ ಬೆಲ್ಟ್ ಡ್ರೈವ್ ಕಾರು. ಇದಕ್ಕೆ ಸ್ಯಾಡಲ್ ಪ್ಯಾಕ್ ಬೇಕು. ಬೆಲ್ಟಿನ ಎಡಕ್ಕೆ ಅರ್ಧ, ಬಲಕ್ಕೆ ಅರ್ಧ ಕೂರುತ್ತದೆ. ರೇಟು ತುಂಬಾ ಕಡಿಮೆ ಹೇಳುತ್ತಿದ್ದಾರೆ. ಎರಡನೇದು ಹೊಸ ಶಾಫ್ಟ್ ಡ್ರೈವ್ ಕಿಟ್, ಎಡಗಡೆ ಒಂದೇ ಗಿಡ್ಡ ಬ್ಯಾಟರಿ, ಅಂದರೆ ಶಾರ್ಟಿ ಪ್ಯಾಕ್. ಮೂರನೇದು ಟಾಮಿಯಾ ಕಂಪನಿಯ ಟಿಟಿ-02ಬಿ, ಉದ್ದದ ಸ್ಟಿಕ್ ಪ್ಯಾಕ್. ಈ ಮೂರೂ 1/10 ಅಳತೆ, ಅಂದರೆ ನಿಜವಾದ ಕಾರಿನ ಹತ್ತನೇ ಒಂದು ಭಾಗ. ನಾಲ್ಕನೇದು 1/8 ಅಳತೆಯ ಎಲೆಕ್ಟ್ರಿಕ್ ಬಗ್ಗಿ, 4ಎಸ್ (ಸಾಲಾಗಿ ಸೇರಿಸಿದ ನಾಲ್ಕು ಸೆಲ್) ಬ್ಯಾಟರಿ.

ನನ್ನ ಹತ್ತಿರ ಟೂ ವೀಲ್ ಕಾರಿನ ಶಾರ್ಟಿಗಳಿವೆ. ಒಂದು ಸಾಧಾರಣ ಚಾರ್ಜರ್ ಇದೆ. ಓಡಿಸುವುದು ಮಣ್ಣಿನ ಟ್ರ್ಯಾಕ್‌ನಲ್ಲಿ. ಬೇಸಿಗೆಯಲ್ಲಿ ಮೇಲೆಲ್ಲ ಪುಡಿ ಧೂಳು, ಮಳೆ ಬಿದ್ದು ಒಣಗಿದ ಮೇಲೆ ಒಳ್ಳೆ ಹಿಡಿತ. ಬ್ಯಾಟರಿ ಎಲ್ಲಿ ಕೂರುತ್ತೆ ಅನ್ನುವುದರಿಂದ ಕಾರಿನ ಓಟ ನಿಜವಾಗಿ ಬದಲಾಗುತ್ತಾ? ಇಲ್ಲ, ಇದೆಲ್ಲ ಡಬ್ಬದ ಮೇಲೆ ಬರೆಯೋಕೆ ಚೆನ್ನಾಗಿರುವ ಮಾತಾ?

ಶಾಫ್ಟ್ ಶೂರ (ಬೆಂಗಳೂರು)

ಶಾರ್ಟಿ ಇದೆ ಅಂದ್ರಲ್ಲ, ಶಾರ್ಟಿ ಕಾರು ತಗೊಳ್ಳಿ. ಇಷ್ಟಕ್ಕೆ ಚರ್ಚೆ ಯಾಕೆ ಗುರು?

ಸಬ್‌ಸಿ ಕಾಲದವನು (ಮೈಸೂರು)

ಶೂರ ಅವರ ಉತ್ತರ ಸರಿಯೇ ಇರಬಹುದು. ಆದರೆ ಯಾಕೆ ಅಂತ ಗೊತ್ತಿದ್ದರೆ ಮುಂದಿನ ಕಾರಿಗೂ ಉಪಯೋಗಕ್ಕೆ ಬರುತ್ತದೆ.

ಈ ಅಳತೆಗಳು ಎಲ್ಲಿಂದ ಬಂದವು ನೋಡಿ. ಲೈಪೋ (ಲಿಥಿಯಂ ಪಾಲಿಮರ್ ಬ್ಯಾಟರಿ) ಬರುವ ಮುಂಚೆ ನಿಕ್ಕಲ್ ಕ್ಯಾಡ್ಮಿಯಂ ಇತ್ತು, ಆಮೇಲೆ ನಿಕ್ಕಲ್ ಮೆಟಲ್ ಹೈಡ್ರೈಡ್ ಬಂತು. ಎಲ್ಲವೂ ಸಬ್‌ಸಿ ಅಳತೆಯ ಗುಂಡಗಿನ ಸೆಲ್. ದಪ್ಪ ಸುಮಾರು 23 ಮಿಮೀ, ಉದ್ದ ಸುಮಾರು 43 ಮಿಮೀ, ಒಂದೊಂದಕ್ಕೆ 1.2 ವೋಲ್ಟ್. ಆರು ಸೇರಿದರೆ 7.2 ವೋಲ್ಟ್. ಮೂರು ಸೆಲ್ ಒಂದರ ಹಿಂದೆ ಒಂದು, ಅಂಥ ಎರಡು ಸಾಲು ಜೋಡಿಸಿದರೆ ಸ್ಟಿಕ್ ಪ್ಯಾಕ್. ಮೂರು ಸೆಲ್ ಪಕ್ಕ ಪಕ್ಕ ಇಟ್ಟು ಅಂಥ ಎರಡು ಗುಂಪು ಮಾಡಿದರೆ ಸ್ಯಾಡಲ್ ಪ್ಯಾಕ್. ಈಗಿನ ಹಾರ್ಡ್‌ಕೇಸ್ ಲೈಪೋ ಸ್ಟಿಕ್ 139 ಮಿಮೀ ಉದ್ದ, 47 ಅಗಲ, 25 ಎತ್ತರ. ಸ್ಯಾಡಲ್‌ನ ಒಂದು ಅರ್ಧ ಸುಮಾರು 70 ಉದ್ದ, 47 ಅಗಲ. ಲೆಕ್ಕ ಹಾಕಿ, ಎರಡೂ ಆ ಹಳೇ ಸೆಲ್‌ಗಳು ಬಿಟ್ಟು ಹೋದ ಜಾಗವೇ. ಶಾರ್ಟಿಗೆ ಮಾತ್ರ ಆ ಹಂಗಿಲ್ಲ. ಲೈಪೋಗೆ ಗುಂಡಗಿನ ಸೆಲ್ ಬೇಕಿಲ್ಲವಲ್ಲ, ಹಾಗಾಗಿ ಉದ್ದವನ್ನು ಸುಮಾರು 96 ಮಿಮೀಗೆ ಇಳಿಸಿದರು.

ಈಗ ಸ್ಯಾಡಲ್ ಯಾಕೆ ಬಂತು ಅಂತ. ಫೋರ್ ವೀಲ್ ಕಾರಿನಲ್ಲಿ ಮುಂದಿನ ಡಿಫ್‌ಗೂ ಹಿಂದಿನ ಡಿಫ್‌ಗೂ ಶಕ್ತಿ ಹೋಗಬೇಕು. ಡಿಫ್ ಅಂದರೆ ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡುವ ಡಿಫರೆನ್ಷಿಯಲ್. ಹಾಗಾಗಿ ಚಾಸಿಯ ನಟ್ಟನಡುವೆ ಬೆಲ್ಟೋ ಶಾಫ್ಟೋ ಓಡುತ್ತಿರುತ್ತದೆ. ಟೂ ವೀಲ್ ಕಾರಿನ ಹಾಗೆ ಬ್ಯಾಟರಿಯನ್ನು ಅಡ್ಡಡ್ಡ ಇಟ್ಟುಬಿಡೋಕೆ ಜಾಗ ಎಲ್ಲಿದೆ? ಆರು ಸೆಲ್ಲನ್ನೂ ಒಂದೇ ಕಡೆ ಇಟ್ಟರೆ ಕಾರು ಆ ಕಡೆ ವಾಲುತ್ತದೆ. ಅದಕ್ಕೇ ಕುದುರೆಯ ಜೀನಿನ ಚೀಲದ ಹಾಗೆ ಮೂರು ಈ ಕಡೆ, ಮೂರು ಆ ಕಡೆ ಇಟ್ಟರು. ಬೆಲ್ಟ್ ಕಾರಿನಲ್ಲಿ ಮೋಟಾರ್ ಸಾಮಾನ್ಯವಾಗಿ ಅಡ್ಡ ಕೂರುತ್ತದೆ. ಹಾಗಾಗಿ ಎರಡೂ ಪಕ್ಕ ಬ್ಯಾಟರಿಗೆ ಖಾಲಿ ಸಿಗುತ್ತಿತ್ತು.

1985ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ಇಫ್ಮಾರ್‌ನ (ಆರ್‌ಸಿ ಕಾರ್ ರೇಸ್‌ಗಳ ವಿಶ್ವ ಸಂಸ್ಥೆ) ಮೊದಲ 1/10 ಎಲೆಕ್ಟ್ರಿಕ್ ಆಫ್‌ರೋಡ್ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. 1987ರಲ್ಲಿ ಇಂಗ್ಲೆಂಡಿನ ರಾಮ್ಸಿಯಲ್ಲಿ ಜಪಾನಿನ ಮಸಾಮಿ ಹಿರೋಸಾಕಾ ಶೂಮಾಕರ್ ಕ್ಯಾಟ್ ಓಡಿಸಿ ಫೋರ್ ವೀಲ್ ಗೆದ್ದರು. ಅದು ಬೆಲ್ಟ್ ಕಾರು. ಆಮೇಲೆ ಬಹಳ ವರ್ಷ ಬೆಲ್ಟ್‌ನದೇ ದರ್ಬಾರು. ಕೆಂಪುಧೂಳು ಅವರಿಗೆ ಸಿಗುತ್ತಿರುವ ಹಳೇ ಕಾರು ಆ ವಂಶದ್ದೇ.

ಶಾಫ್ಟ್ ಶೂರ (ಬೆಂಗಳೂರು)

ಸರ್, ನೀವು ಹೇಳೋದು ಕೇಳಿದರೆ ಸ್ಯಾಡಲ್ ಕಾರೇ ಒಳ್ಳೇದು ಅನ್ನಿಸುತ್ತೆ. ಹಾಗಾದರೆ ಈಗಿನವರು ಯಾಕೆ ಬಿಟ್ಟರು?

ತಕ್ಕಡಿ (ಮಂಗಳೂರು)

ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಲೆಕ್ಕ ಇದ್ದರೆ ಬೇಜಾರಾಗಬೇಡಿ.

ಶಾಫ್ಟ್ ಕಾರಿನಲ್ಲಿ ಸ್ಪರ್ ಗೇರ್ (ಮೋಟಾರಿನಿಂದ ತಿರುಗುವ ದೊಡ್ಡ ಗೇರ್) ನಡುವಿನ ಶಾಫ್ಟ್ ಮೇಲೇ ಕೂರುತ್ತದೆ. ಮೋಟಾರ್ ಆ ಶಾಫ್ಟ್ ಪಕ್ಕದಲ್ಲಿ ಉದ್ದಕ್ಕೆ ಮಲಗುತ್ತದೆ. ಸಾಮಾನ್ಯವಾಗಿ ಬಲಗಡೆ. ಅಂದರೆ ಸ್ಯಾಡಲ್‌ನ ಬಲ ಅರ್ಧಕ್ಕೆ ಇದ್ದ ಜಾಗವನ್ನು ಮೋಟಾರ್ ಮತ್ತು ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಡಬ್ಬಿ) ತಿಂದುಬಿಟ್ಟವು. ಉಳಿದದ್ದು ಎಡಗಡೆ ಮಾತ್ರ. ಅಲ್ಲಿ ಎಷ್ಟು ತೂಕ ಇಡಬಹುದು?

ಬಲಗಡೆ ನೋಡಿ. 540 ಅಳತೆಯ ಬ್ರಶ್‌ಲೆಸ್ ಮೋಟಾರ್ ಸುಮಾರು 165 ಗ್ರಾಂ, ಇಎಸ್‌ಸಿ 40 ಗ್ರಾಂ ಅಂತ ಹಿಡಿಯೋಣ. ಒಟ್ಟು 205. ಎಡಗಡೆ ಶಾರ್ಟಿ ಇಟ್ಟರೆ ಸುಮಾರು 210 ಗ್ರಾಂ. ಎರಡೂ ನಡುಗೆರೆಯಿಂದ ಹೆಚ್ಚುಕಮ್ಮಿ 45 ಮಿಮೀ ದೂರ. ತಕ್ಕಡಿ ಸಮ. ಅದೇ ಜಾಗಕ್ಕೆ 300 ಗ್ರಾಂನ ಸ್ಟಿಕ್ ಇಟ್ಟರೆ? ಎಡಗಡೆ 95 ಗ್ರಾಂ ಜಾಸ್ತಿ. 95 ಗುಣಿಸು 45, ಅದನ್ನು 1600 ಗ್ರಾಂನ ಕಾರಿನಿಂದ ಭಾಗಿಸಿದರೆ ಸುಮಾರು 2.7 ಮಿಮೀ. ಇಡೀ ಕಾರಿನ ತೂಕದ ನಡು ಅಷ್ಟು ಎಡಕ್ಕೆ ಸರಿಯಿತು. ಕೇಳೋಕೆ ಚಿಕ್ಕದು. ಆದರೆ ಎಡ ತಿರುವಿನಲ್ಲಿ ಒಂದು ಥರ, ಬಲ ತಿರುವಿನಲ್ಲಿ ಇನ್ನೊಂದು ಥರ ಹೋಗುತ್ತದೆ. ಜಂಪ್ ಹತ್ತುವಾಗ ಎಡ ಹಿಂದಿನ ಸ್ಪ್ರಿಂಗ್ ಜಾಸ್ತಿ ಒತ್ತಿಕೊಂಡು ಕಾರು ಸೊಟ್ಟಗೆ ಹಾರುತ್ತದೆ. ಸರಿ ಮಾಡಬೇಕಾದರೆ ಬಲಗಡೆ ಸೀಸ ಅಂಟಿಸಬೇಕು. ಅದು ಸುಮ್ನೆ ಹೊರುವ ತೂಕ.

ಅಂದರೆ ಶಾರ್ಟಿ ಬಂದಿದ್ದಕ್ಕೇ ಈಗಿನ ಶಾಫ್ಟ್ ಲೇಔಟ್ ಗೆದ್ದಿತು. ಎರಡೂ ಒಂದಕ್ಕೊಂದು ಹೇಳಿ ಮಾಡಿಸಿದ ಜೋಡಿ. ಕಾರನ್ನೂ ಬ್ಯಾಟರಿಯನ್ನೂ ಬೇರೆ ಬೇರೆ ಆರಿಸುತ್ತೇನೆ ಅಂದರೆ ಆಗುವುದಿಲ್ಲ.

ಹುಬ್ಳಿ ಥ್ರಾಟಲ್ (ಹುಬ್ಬಳ್ಳಿ)

ನೋಡ್ರಿ, ಎಲ್ಲರೂ ಟಿಟಿ-02ಬಿ ಬಗ್ಗೆ ಒಂದು ಮಾತೂ ಆಡದೆ ಮುಂದೆ ಹೋಗ್ತಿದ್ದೀರಿ. 2014ರಿಂದ ಇರುವ ಚಾಸಿ. ಪ್ಲಾಸ್ಟಿಕ್ ತೊಟ್ಟಿ, ಒಳಗೆ ಮುಚ್ಚಿದ ಗೇರ್, ನಡುವೆ ಒಂದು ಶಾಫ್ಟ್. ಧೂಳು ಒಳಗೆ ಹೋಗೋದು ಕಡಿಮೆ. ಬಿದ್ದರೆ ಏಳುತ್ತದೆ, ಹೊಡೆದರೆ ಮುರಿಯೋದಿಲ್ಲ. ಬ್ಯಾಟರಿ ಎಡಗಡೆ ಉದ್ದಕ್ಕೆ. ತಕ್ಕಡಿ ಅವರ ಲೆಕ್ಕದ ಪ್ರಕಾರ ವಾಲಬೇಕು, ವಾಲುತ್ತದೆ ಹೌದು. ಆದರೆ ನಮ್ಮಂಥವರು ಗೆರೆ ಹಿಡಿದು ಓಡಿಸೋದು ಕಲಿಯೋ ಮುಂಚೆ 2.7 ಮಿಮೀ ಚಿಂತೆ ಯಾಕ್ರಿ?

ತಕ್ಕಡಿ (ಮಂಗಳೂರು)

ಒಪ್ಪಿದೆ ಸರ್. ಮನೆ ಮುಂದಿನ ಮೈದಾನಕ್ಕೆ ಅದು ಸಾಕು. ಕೆಂಪುಧೂಳು ಅವರು ಕೇಳಿದ್ದು ರೇಸಿಂಗ್ ಬಗ್ಗಿ. ಟಿಟಿ-02ಬಿಯಲ್ಲಿ ಏಟು ಬಿದ್ದಾಗ ಜಾರಿ ಗೇರ್ ಉಳಿಸುವ ಸ್ಲಿಪರ್ ಕ್ಲಚ್ ಇಲ್ಲ. ದೊಡ್ಡ ಮೋಟಾರ್ ಹಾಕಿ ಜಂಪ್ ಮೇಲಿಂದ ಥ್ರಾಟಲ್ ಹಿಡಿದುಕೊಂಡೇ ಇಳಿದರೆ ಪೂರ್ತಿ ಏಟು ಗೇರ್‌ಗೆ. ಅಲ್ಲಿ ಬ್ಯಾಟರಿ ಲೇಔಟ್ ಎರಡನೇ ಮಾತು.

ಸ್ಟಿಕ್ ಇಡುವವರಿಗೆ ಇನ್ನೊಂದು ವಿಷಯ. ಹಳೇ ಟಾಮಿಯಾ ಚಾಸಿಗಳಲ್ಲಿ ಬ್ಯಾಟರಿ ಕುಣಿ ಗುಂಡಗಿನ ಸೆಲ್‌ಗಳಿಗೆ ಅಂತಲೇ ಅಚ್ಚು ಹಾಕಿದ್ದು. ಚೌಕ ಮೂಲೆಯ ಹಾರ್ಡ್‌ಕೇಸ್ ಅದರಲ್ಲಿ ಕೂರುವುದಿಲ್ಲ. ಕೊಳ್ಳುವ ಮುಂಚೆ ಕೇಳಿ.

ಪಿಟ್ ಅಮ್ಮ (ಬೆಂಗಳೂರು)

ಟಿಟಿ-02ಬಿ ಓಡಿಸುವವರಿಗೆ ನನ್ನದೂ ಒಂದು ಮಾತು. ಮಗನ ಕಾರಿನ ಬ್ಯಾಟರಿ ಕೆಲಸವೆಲ್ಲ ನನ್ನದೇ. ಕಿಟ್ ಜೊತೆ ಬಂದ ಇಎಸ್‌ಸಿಗೆ ಲೈಪೋ ಕಟ್‌ಆಫ್ ಇದೆಯಾ ಅಂತ ಮೊದಲು ನೋಡಿ. ಕೆಲವು ನಿಕ್ಕಲ್ ಬ್ಯಾಟರಿಗೆ ಮಾಡಿದವು. ಅದರಲ್ಲಿ ಲೈಪೋ ಹಾಕಿದರೆ ಸೆಲ್ 3 ವೋಲ್ಟ್‌ಗಿಂತ ಕೆಳಗೆ ಇಳಿದರೂ ಕಾರು ಓಡುತ್ತಲೇ ಇರುತ್ತದೆ. ಆಮೇಲೆ ಆ ಬ್ಯಾಟರಿ ಉಬ್ಬುತ್ತದೆ. ಬ್ಯಾಲೆನ್ಸ್ ವೈರ್‌ಗೆ (ಒಂದೊಂದು ಸೆಲ್ಲಿನ ವೋಲ್ಟೇಜ್ ನೋಡುವ ತೆಳ್ಳನೆಯ ವೈರ್) ಸಿಕ್ಕಿಸುವ ಚಿಕ್ಕ ಅಲಾರಂ ಸಿಗುತ್ತದೆ, ಅದನ್ನಾದರೂ ಹಾಕಿ.

ಸ್ಯಾಡಲ್ ಬಗ್ಗೆ ಯಾರೂ ಹೇಳದೇ ಇದ್ದದ್ದು ಇದು. ಅದು ಎರಡು ತುಂಡು. ಒಂದೊಂದರಲ್ಲಿ ಒಂದೇ ಸೆಲ್, 3.7 ವೋಲ್ಟ್. ಎರಡನ್ನೂ ಸೇರಿಸೋಕೆ ಮಧ್ಯೆ ಒಂದು ಜಂಪರ್ ವೈರ್ ಹಾಕಬೇಕು. ಬುಲೆಟ್ ಪಿನ್ ಎಲ್ಲ ಒಂದೇ ಥರ ಕಾಣುತ್ತವೆ. ರೇಸ್‌ಗೆ ಕರೆದಾಗ ಗಡಿಬಿಡಿಯಲ್ಲಿ ಪ್ಲಸ್ ಮೈನಸ್ ಅದಲು ಬದಲಾದರೆ ಕಿಡಿ ಹಾರುತ್ತದೆ, ಪಿನ್ ಕರಗುತ್ತದೆ. ಚಾರ್ಜಿಗೆ ಹಾಕುವಾಗಲೂ ಜಂಪರ್ ಬೇಕು, ಬ್ಯಾಲೆನ್ಸ್ ವೈರ್ ಕೂಡ ಬೇರೆ ಬೇರೆ ತೂತಿಗೆ. ಮಕ್ಕಳ ಕೈಗೆ ಕೊಡುವ ಕಾರಾದರೆ ನಾನು ಸ್ಯಾಡಲ್ ತಗೊಳ್ಳುವುದಿಲ್ಲ. ಶಾರ್ಟಿಯಲ್ಲಿ ಎರಡು ಸೆಲ್ಲೂ ಒಂದೇ ಡಬ್ಬದಲ್ಲಿ, ಒಳಗೇ ಸೇರಿಸಿರುತ್ತಾರೆ.

ಸಬ್‌ಸಿ ಕಾಲದವನು (ಮೈಸೂರು)

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಜಂಪರನ್ನು ಅಳತೆಗೆ ಕತ್ತರಿಸಿ, ಎರಡು ತುದಿಗೂ ಬೇರೆ ಬಣ್ಣದ ಟ್ಯೂಬ್ ಹಾಕಿ ಕಾರಿನಲ್ಲೇ ಕಟ್ಟಿಬಿಟ್ಟರೆ ಗೊಂದಲ ಅರ್ಧ ಕಡಿಮೆಯಾಗುತ್ತದೆ. ಆದರೂ ಶಾರ್ಟಿಯಷ್ಟು ಸುಲಭ ಅಲ್ಲ.

ಆಸ್ಟ್ರೋ ಕನ್ನಡಿಗ (ಬರ್ಮಿಂಗ್‌ಹ್ಯಾಮ್)

ಇಲ್ಲಿಂದಲೂ ಒಂದಿಷ್ಟು. ನಾವು ಓಡಿಸುವುದು ಚಳಿಗಾಲದಲ್ಲಿ ಹಾಲ್ ಒಳಗೆ ಕಾರ್ಪೆಟ್ ಮೇಲೆ, ಬೇಸಿಗೆಯಲ್ಲಿ ಹೊರಗೆ ಆಸ್ಟ್ರೋ ಮೇಲೆ. ಆಸ್ಟ್ರೋ ಅಂದರೆ ನಕಲಿ ಹುಲ್ಲಿನ ಹಾಸು. ಎರಡರಲ್ಲೂ ಹಿಡಿತ ವಿಪರೀತ. ಅಲ್ಲಿ ಸಮಸ್ಯೆ ಜಾರುವುದಲ್ಲ, ಉರುಳುವುದು. ತಿರುವಿನಲ್ಲಿ ಟೈರ್ ನೆಲ ಬಿಡುವುದೇ ಇಲ್ಲ, ಹಾಗಾಗಿ ಕಾರೇ ಮಗುಚಿಕೊಳ್ಳುತ್ತದೆ. ಅದಕ್ಕೆ ನಮ್ಮ ಕಡೆ ಲೋ ಪ್ರೊಫೈಲ್ ಶಾರ್ಟಿ ಬಳಸುವವರು ಜಾಸ್ತಿ. ಮಾಮೂಲಿ ಶಾರ್ಟಿ 25 ಮಿಮೀ ಎತ್ತರ, ಇದು ಸುಮಾರು 18.5. ತೂಕವೂ ಕಡಿಮೆ.

ಆದರೆ ತೂಕ ಕಡಿಮೆಯಾದರೆ ಇನ್ನೊಂದು ತಲೆನೋವು. ಫೋರ್ ವೀಲ್ ಬಗ್ಗಿಗೆ ಕನಿಷ್ಠ ತೂಕ 1588 ಗ್ರಾಂ ಅಂತ ಇಫ್ಮಾರ್ ನಿಯಮ ಹೇಳುತ್ತಿತ್ತು. ಅದಕ್ಕಿಂತ ಕೆಳಗೆ ಹೋದರೆ ರೇಸ್‌ಗೆ ಬಿಡುವುದಿಲ್ಲ. ಆಗ ಬ್ಯಾಟರಿ ಕೆಳಗೆ ಹಿತ್ತಾಳೆ ಪ್ಲೇಟ್ ಇಡುತ್ತಾರೆ. ತಮಾಷೆ ಅನ್ನಿಸಬಹುದು: ತೂಕ ತೆಗೆಯೋಕೆ ಚಿಕ್ಕ ಬ್ಯಾಟರಿ, ಮತ್ತೆ ಅದೇ ತೂಕ ತುಂಬೋಕೆ ಹಿತ್ತಾಳೆ. ಲಾಭ ಏನೆಂದರೆ ಹಿತ್ತಾಳೆ ತೆಳ್ಳಗೆ ಚಾಸಿಗೆ ಅಂಟಿಕೊಂಡಿರುತ್ತದೆ. ಒಟ್ಟು ತೂಕ ಅಷ್ಟೇ, ಆದರೆ ಅದು ಕೂರುವುದು ಕೆಳಗೆ.

ಸ್ಲೋವಾಕಿಯಾದ ಎಕ್ಸ್‌ರೇ ಕಂಪನಿ ತನ್ನ ಎಕ್ಸ್‌ಬಿ4 ಕಾರನ್ನೇ ಕಾರ್ಪೆಟ್‌ಗೆ ಒಂದು, ಮಣ್ಣಿಗೆ ಒಂದು ಅಂತ ಎರಡು ಥರ ಮಾಡುತ್ತದೆ: ಎಕ್ಸ್‌ಬಿ4ಸಿ, ಎಕ್ಸ್‌ಬಿ4ಡಿ. 2015ರಲ್ಲಿ ಜಪಾನಿನ ಯತಾಬೆಯಲ್ಲಿ ಬ್ರೂನೊ ಕೊಯೆಲೊ ಫೋರ್ ವೀಲ್ ವಿಶ್ವ ಚಾಂಪಿಯನ್ ಆದದ್ದು ಎಕ್ಸ್‌ಬಿ4ನಲ್ಲೇ. ಕೊಳ್ಳುವ ಮುಂಚೆ ಹೆಸರಿನ ಕೊನೆಯ ಅಕ್ಷರ ನೋಡಿ. ಬೆಂಗಳೂರಿನ ಮಣ್ಣಿಗೆ ಕಾರ್ಪೆಟ್ ಕಿಟ್ ತರಿಸಿಕೊಂಡರೆ ಸ್ಪ್ರಿಂಗ್, ಶಾಕ್ ಕೂರಿಸುವ ಟವರ್ ಅಂತ ಒಂದೊಂದೇ ಬದಲಾಯಿಸಬೇಕಾಗುತ್ತದೆ.

ಕೆಂಪುಧೂಳು (ಬೆಂಗಳೂರು)

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಮಣ್ಣಿಗೂ ಲೋ ಪ್ರೊಫೈಲ್ ಬೇಕಾ? ಮತ್ತೆ ಒಬ್ಬರು ಟ್ರ್ಯಾಕ್‌ನಲ್ಲಿ ಹೇಳಿದರು, ಉದ್ದದ ಬ್ಯಾಟರಿ ಇದ್ದರೆ ಕಾರು ತಿರುಗೋದು ನಿಧಾನ ಅಂತ. ನಿಜಾನಾ?

ತಕ್ಕಡಿ (ಮಂಗಳೂರು)

ಉದ್ದದ ವಿಷಯ ಲೆಕ್ಕದಲ್ಲಿ ನಿಜ. ತೂಕ ನಡುವಿನಿಂದ ದೂರ ಹೋದಷ್ಟೂ ಕಾರನ್ನು ತಿರುಗಿಸುವುದು ಕಷ್ಟ. ಅದೂ ದೂರದ ವರ್ಗಕ್ಕೆ ತಕ್ಕಂತೆ. 300 ಗ್ರಾಂ, 139 ಮಿಮೀ ಸ್ಟಿಕ್‌ಗೂ 210 ಗ್ರಾಂ, 96 ಮಿಮೀ ಶಾರ್ಟಿಗೂ ಹೋಲಿಸಿದರೆ, ಅದರ ಪಾಡಿಗೆ ಅದನ್ನು ತಿರುಗಿಸೋಕೆ ಬೇಕಾದ ಬಲ ಶಾರ್ಟಿಯಲ್ಲಿ ಮೂರನೇ ಒಂದು ಭಾಗ.

ಆಸ್ಟ್ರೋ ಕನ್ನಡಿಗ (ಬರ್ಮಿಂಗ್‌ಹ್ಯಾಮ್)

ಇದನ್ನು ನಾನು ಒಪ್ಪಲ್ಲ. ಲೆಕ್ಕ ಸರಿ, ಆದರೆ ಬ್ಯಾಟರಿ ಒಂದನ್ನೇ ಗಾಳಿಯಲ್ಲಿ ತಿರುಗಿಸಿ ನೋಡಿದ ಲೆಕ್ಕ ಅದು. ಕಾರಿನಲ್ಲಿ ಟೈರ್, ಡಿಫ್, ಶಾಕ್ ಎಲ್ಲ ಎರಡು ತುದಿಯಲ್ಲಿವೆ. ನಡುವಿನಿಂದ 140 ಮಿಮೀ ದೂರ. ಇಡೀ ಕಾರನ್ನು ತಿರುಗಿಸುವ ಲೆಕ್ಕ ಹಾಕಿದರೆ ಸ್ಟಿಕ್‌ಗೂ ಶಾರ್ಟಿಗೂ ಬರುವ ವ್ಯತ್ಯಾಸ ನೂರಕ್ಕೆ ಎರಡೋ ಮೂರೋ. ಅದಕ್ಕಿಂತ ಜಾಸ್ತಿ ಬದಲಾವಣೆ ಟೈರ್ ಬದಲಿಸಿದರೆ ಆಗುತ್ತೆ.

ತಕ್ಕಡಿ (ಮಂಗಳೂರು)

ಇಡೀ ಕಾರಿನ ಲೆಕ್ಕಕ್ಕೆ ಬಂದರೆ ಹೌದು, ಅಷ್ಟೇ. ಅದಕ್ಕೇ ನಾನು ಮೊದಲು ಎಡ ಬಲ ಸಮತೋಲ ಹೇಳಿದ್ದು, ತಿರುಗುವುದನ್ನು ಹೇಳಲಿಲ್ಲ. ಕೈಗೆ ಗೊತ್ತಾಗುವ ಕ್ರಮ ನನ್ನ ಪ್ರಕಾರ ಹೀಗೆ: ಮೊದಲು ಎಡ ಬಲ, ಆಮೇಲೆ ಮುಂದೆ ಹಿಂದೆ, ಆಮೇಲೆ ಎತ್ತರ. ಉದ್ದ ಕೊನೆಗೆ.

ಎಡ ಬಲ ನೋಡೋಕೆ ಸ್ಕೇಲ್ ಬೇಡ. ಚಾಸಿಯ ನಡುಗೆರೆಯಲ್ಲಿ ಮುಂದೊಂದು, ಹಿಂದೊಂದು ಚಿಕ್ಕ ತೂತು ಇರುತ್ತದೆ. ಹಲಗೆಗೆ ಎರಡು ಮೊಳೆ ಹೊಡೆದು, ಮೊಳೆಯ ತುದಿ ಆ ತೂತಿಗೆ ಬರುವ ಹಾಗೆ ಕಾರನ್ನು ಕೂರಿಸಿ. ಯಾವ ಕಡೆ ಬೀಳುತ್ತೋ ಆ ಕಡೆ ಭಾರ. ಬ್ಯಾಟರಿ, ಬಾಡಿ ಎಲ್ಲ ಹಾಕಿಯೇ ನೋಡಬೇಕು.

ಸಬ್‌ಸಿ ಕಾಲದವನು (ಮೈಸೂರು)

ಮುಂದೆ ಹಿಂದೆ ಅನ್ನುವುದರಲ್ಲೇ ಮಣ್ಣಿನವರಿಗೆ ನಿಜವಾದ ಆಟ ಇರುವುದು. ಕೆಂಪುಧೂಳು ಅವರೇ, ಶಾರ್ಟಿ ಕಾರಿನಲ್ಲಿ ಟ್ರೇ ಸಾಮಾನ್ಯವಾಗಿ ಬ್ಯಾಟರಿಗಿಂತ ಸ್ವಲ್ಪ ಉದ್ದ ಇರುತ್ತದೆ. ಉಳಿದ ಜಾಗಕ್ಕೆ ಫೋಮ್ ತುಂಡು ಇಡುತ್ತಾರೆ. ಬೇಸಿಗೆಯ ಪುಡಿ ಧೂಳಿನಲ್ಲಿ ಹಿಂದಿನ ಚಕ್ರ ಸುಮ್ನೆ ತಿರುಗುತ್ತೆ, ಅಲ್ವಾ? ಫೋಮನ್ನು ಮುಂದೆ ಹಾಕಿ ಬ್ಯಾಟರಿಯನ್ನು ಹಿಂದಕ್ಕೆ ತಳ್ಳಿ. ಹಿಂದೆ ಹಿಡಿತ ಬರುತ್ತದೆ. ಮಳೆಯ ನಂತರದ ಗಟ್ಟಿ ನೆಲದಲ್ಲಿ ಮುಂಭಾಗ ತಿರುಗದೆ ನೇರ ಹೋಗುತ್ತಿದ್ದರೆ ಬ್ಯಾಟರಿಯನ್ನು ಮುಂದಕ್ಕೆ ತನ್ನಿ. ಒಂದೇ ಸಲ ಪೂರ್ತಿ ತಳ್ಳಬೇಡಿ, ಸ್ವಲ್ಪ ಸ್ವಲ್ಪವೇ ಸರಿಸಿ ಎರಡು ಲ್ಯಾಪ್ ಓಡಿಸಿ.

ಸ್ಟಿಕ್ ಪ್ಯಾಕ್ ಕುಣಿಯಲ್ಲಿ ಈ ಸರಿಸಾಟ ಇಲ್ಲ. 139 ಮಿಮೀ ಕುಣಿಗೆ 139 ಮಿಮೀ ಬ್ಯಾಟರಿ. ಸ್ಯಾಡಲ್ ಕಾರುಗಳಲ್ಲೂ ಬಹುತೇಕ ಅಚ್ಚುಕಟ್ಟು ಕುಣಿ. ಮಣ್ಣಿನ ಟ್ರ್ಯಾಕ್‌ಗೆ ಶಾರ್ಟಿ ಅನ್ನುವುದಕ್ಕೆ ಇದೇ ನನ್ನ ದೊಡ್ಡ ಕಾರಣ, ತೂಕವಲ್ಲ.

ಲೋ ಪ್ರೊಫೈಲ್ ಮಣ್ಣಿಗೆ ಬೇಡ. ಜಾರುವ ನೆಲದಲ್ಲಿ ಕಾರು ಸ್ವಲ್ಪ ವಾಲಬೇಕು, ವಾಲಿದರೇ ಹೊರಗಿನ ಟೈರ್ ಮಣ್ಣಿಗೆ ಒತ್ತಿ ಕಚ್ಚುವುದು. ಮಾಮೂಲಿ ಎತ್ತರದ್ದೇ ಇರಲಿ.

ಹುಬ್ಳಿ ಥ್ರಾಟಲ್ (ಹುಬ್ಬಳ್ಳಿ)

ಆದರೆ ಶಾರ್ಟಿಯಲ್ಲಿ ಚಾರ್ಜ್ ಕಡಿಮೆ ಅಲ್ಲೇನ್ರಿ? ಸ್ಟಿಕ್ ಅಂದರೆ 8000 ಎಂಎಎಚ್‌ವರೆಗೂ ಸಿಗುತ್ತದೆ. ಫೋರ್ ವೀಲ್ ಜಾಸ್ತಿ ಎಳೆಯುತ್ತದೆ.

ಶಾಫ್ಟ್ ಶೂರ (ಬೆಂಗಳೂರು)

ರೇಸ್ ಐದು ನಿಮಿಷ ಅಣ್ಣ. ಗಟ್ಟಿಯಾಗಿ ಓಡಿಸಿದರೂ 2500 ಎಂಎಎಚ್ ತಿನ್ನಬಹುದು ಅಂತಿಟ್ಟುಕೊಳ್ಳಿ. ಐದು ನಿಮಿಷಕ್ಕೆ 2500 ಅಂದರೆ ಸರಾಸರಿ 30 ಆಂಪ್. 4500ರ ಶಾರ್ಟಿ ಹಾಕಿದರೂ ವಾಪಸ್ ಬರುವಾಗ ಅರ್ಧದ ಹತ್ತಿರ ಉಳಿದಿರುತ್ತದೆ. 8000 ಇಟ್ಟರೆ ಓಡದೇ ಇರೋ ಕರೆಂಟನ್ನು ಹೊತ್ತುಕೊಂಡು ಸುತ್ತಿದಂತೆ. ಭಾನುವಾರ ಮೈದಾನದಲ್ಲಿ ಮಕ್ಕಳ ಜೊತೆ ಅರ್ಧ ಗಂಟೆ ಓಡಿಸೋಕೆ ಸ್ಟಿಕ್ ಒಳ್ಳೇದು. ಅದು ಬೇರೆ ಆಟ.

ಲೇಬಲ್ ಮೇಲಿನ ‘ಸಿ’ ಸಂಖ್ಯೆ (ಬ್ಯಾಟರಿ ಎಷ್ಟು ಜೋರಾಗಿ ಕರೆಂಟ್ ಕೊಡಬಲ್ಲದು ಅನ್ನುವುದು) ನೋಡಿ ಮರುಳಾಗಬೇಡಿ. ಒಳ್ಳೆ ಚಾರ್ಜರ್ ಇದ್ದರೆ ಸೆಲ್‌ನ ಒಳಗಿನ ರೆಸಿಸ್ಟೆನ್ಸ್ ತೋರಿಸುತ್ತದೆ. ಅದು ಕಡಿಮೆ ಇದ್ದಷ್ಟೂ, ಎರಡು ಸೆಲ್ಲಿನದೂ ಹತ್ತಿರ ಹತ್ತಿರ ಇದ್ದಷ್ಟೂ ಒಳ್ಳೇದು.

ಸುಂಕದಕಟ್ಟೆ (ಬೆಂಗಳೂರು)

ಕಾರಿನ ಗುಣ ಎಲ್ಲ ಆಯಿತು. ಸಿಗುತ್ತಾ ಅನ್ನುವುದನ್ನು ಯಾರೂ ಕೇಳುತ್ತಿಲ್ಲವಲ್ಲ!

2020ರ ಕೇಂದ್ರ ಬಜೆಟ್‌ನಲ್ಲಿ ಆಟಿಕೆಗಳ ಆಮದು ಸುಂಕ ಶೇ. 20ರಿಂದ 60ಕ್ಕೆ ಏರಿತು. 2023ರಲ್ಲಿ 70 ಆಯಿತು. ನಮ್ಮ ಕಾರಿಗೆ ಕಾರ್ಬನ್ ಇರಲಿ, ಅಲ್ಯೂಮಿನಿಯಂ ಇರಲಿ, ಆಟಿಕೆ ಅಂತ ಬರೆದರೆ ಮುಗಿಯಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಪ್ರಯೋಜನ.

ಬ್ಯಾಟರಿ ಅದಕ್ಕಿಂತ ಕಷ್ಟ. 2016ರ ಏಪ್ರಿಲ್‌ನಿಂದ ಬಿಡಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಕಳಿಸುವಂತಿಲ್ಲ. ಸರಕು ವಿಮಾನದಲ್ಲೂ ಶೇ. 30ಕ್ಕಿಂತ ಜಾಸ್ತಿ ಚಾರ್ಜ್ ಇರುವಂತಿಲ್ಲ. ನಾನು ತರಿಸಿದ ಸ್ಯಾಡಲ್ ಪ್ಯಾಕ್ ಒಂದು ಕೊರಿಯರ್ ಗೋಡೌನಿನಲ್ಲೇ ಕೂತುಬಿಟ್ಟಿತು, ಕೊನೆಗೆ ವಾಪಸ್ ಹೋಯಿತು. ಸ್ಯಾಡಲ್ ಇಲ್ಲಿನ ಅಂಗಡಿಗಳಲ್ಲಿ ಸಿಗುವುದು ಅಪರೂಪ. ಶಾರ್ಟಿಯನ್ನು ಟೂ ವೀಲ್ ಬಗ್ಗಿಯವರೂ ಕೊಳ್ಳುತ್ತಾರೆ, ಟ್ರಕ್‌ನವರೂ ಕೊಳ್ಳುತ್ತಾರೆ. ಹಾಗಾಗಿ ಅಂಗಡಿಯವರು ಇಟ್ಟಿರುತ್ತಾರೆ. ಹೊಸ ಕಾರಿಗೆ ಬೇರೆ ಥರ ಬ್ಯಾಟರಿ ಅಂದರೆ ನಿಮ್ಮ ಎರಡು ಕಾರಿಗೆ ಎರಡು ಸೆಟ್. ಆ ದುಡ್ಡಲ್ಲಿ ಒಂದು ಒಳ್ಳೆ ಚಾರ್ಜರ್ ಬರುತ್ತೆ.

ಆಸ್ಟ್ರೋ ಕನ್ನಡಿಗ (ಬರ್ಮಿಂಗ್‌ಹ್ಯಾಮ್)

ಊರಿಗೆ ಬರುವವರ ಕೈಯಲ್ಲಿ ತರಿಸಿಕೊಳ್ಳಬಹುದು. 100 ವ್ಯಾಟ್-ಅವರ್ ಒಳಗಿನ ಬ್ಯಾಟರಿಯನ್ನು ಕ್ಯಾಬಿನ್ ಬ್ಯಾಗಿನಲ್ಲಿ ಒಯ್ಯೋಕೆ ಸಾಮಾನ್ಯವಾಗಿ ಬಿಡುತ್ತಾರೆ. ಚೆಕ್-ಇನ್ ಬ್ಯಾಗಿನಲ್ಲಿ ಬಿಡಿ ಬ್ಯಾಟರಿ ಹಾಕುವಂತಿಲ್ಲ. 5000 ಎಂಎಎಚ್ 2ಎಸ್ ಶಾರ್ಟಿ ಅಂದರೆ 7.4 ಗುಣಿಸು 5, 37 ವ್ಯಾಟ್-ಅವರ್. ಆರಾಮ. 1/8 ಕಾರಿನ 6500ರ 4ಎಸ್ 96 ಆಗುತ್ತದೆ. ಅದು ಅಂಚಿನಲ್ಲೇ ಪಾಸು. ಪಿನ್‌ಗಳಿಗೆ ಟೇಪ್ ಸುತ್ತಿ, ಏರ್‌ಲೈನ್ ನಿಯಮ ಒಮ್ಮೆ ಓದಿ, ಲೇಬಲ್ ಕಾಣುವ ಹಾಗೆ ಇಡಿ.

ಕೆಂಪುಧೂಳು (ಬೆಂಗಳೂರು)

1/8 ಬಗ್ಗೆ ಯಾರೂ ಏನೂ ಹೇಳಲಿಲ್ಲ. ಮಣ್ಣಿಗೆ ಅದೇ ರಾಜ ಅಂತಾರಲ್ಲ?

ಪಿಟ್ ಅಮ್ಮ (ಬೆಂಗಳೂರು)

ರಾಜನೇ. ಆದರೆ ರಾಜನ ಖರ್ಚು. ಕಾರಿನ ತೂಕ ಮೂರು ಕೆಜಿಗೂ ಮೇಲೆ. ಒಂದು 4ಎಸ್ ಇಟ್ಟಿಗೆ ಹಾಕುತ್ತಾರೆ, ಇಲ್ಲ ಎರಡು 2ಎಸ್ ಸ್ಟಿಕ್ ಸೇರಿಸುತ್ತಾರೆ. ನಿಮ್ಮ ಸಾಧಾರಣ ಚಾರ್ಜರ್ 4ಎಸ್‌ಗೆ ಗಂಟೆಗಟ್ಟಲೆ ತಗೊಳ್ಳುತ್ತದೆ. ಟೈರ್, ಸರ್ವೋ (ಸ್ಟೀರಿಂಗ್ ತಿರುಗಿಸುವ ಮೋಟಾರ್) ಎಲ್ಲ ದೊಡ್ಡದು. ಒಳ್ಳೆಯದೇನೆಂದರೆ ನಡುವೆಯೂ ಡಿಫ್ ಇರುತ್ತದೆ, ಉಬ್ಬುತಗ್ಗಿನ ನೆಲದಲ್ಲಿ ಕಾರು ಮೆತ್ತಗೆ ಹೋಗುತ್ತದೆ. ಟ್ರ್ಯಾಕ್ ಚಿಕ್ಕದಾದರೆ ಅದನ್ನು ಓಡಿಸೋಕೆ ಜಾಗವೇ ಸಾಲದು. ಮೂರು ಕೆಜಿ ಕಾರು ಬೇಲಿ ಹತ್ತಿರ ನಿಂತವರ ಕಾಲಿಗೆ ಬಡಿದರೆ ಸಣ್ಣ ಏಟಲ್ಲ.

1/10ರಲ್ಲೇ ನಡು ಡಿಫ್ ಬೇಕಾದರೆ ಟೆಕ್ನೋ ಕಂಪನಿಯ ಇಬಿ410 ಕಾರು ನೋಡಿ. ದೊಡ್ಡ ಕಾರಿನ ರೀತಿಯಲ್ಲೇ ಮುಂದೆ, ನಡುವೆ, ಹಿಂದೆ ಮೂರೂ ಕಡೆ ಗೇರ್ ಡಿಫ್.

ಕೆಂಪುಧೂಳು (ಬೆಂಗಳೂರು)

ಸರಿ, ಶಾಫ್ಟ್ ಕಾರು, ಶಾರ್ಟಿ ಅಂತ ಮನಸ್ಸು ಗಟ್ಟಿ ಮಾಡಿದ್ದೇನೆ. ಆದರೂ ಆ ಬೆಲ್ಟ್ ಕಾರಿನ ರೇಟು ಬಿಡುತ್ತಿಲ್ಲ. ಸ್ಯಾಡಲ್ ಕುಣಿಗೆ ಶಾರ್ಟಿ ಕೂರಿಸೋಕೆ ಆಗಲ್ವಾ?

ಸಬ್‌ಸಿ ಕಾಲದವನು (ಮೈಸೂರು)

70 ಮಿಮೀ ಕುಣಿಗೆ 96 ಮಿಮೀ ಡಬ್ಬ ಹೇಗೆ ಕೂರುತ್ತೆ ಹೇಳಿ? ಚಾಸಿ ಕೊರೆಯಬೇಕು, ಪಟ್ಟಿ ಬೇರೆ ಮಾಡಿಸಬೇಕು. ಅಷ್ಟೆಲ್ಲ ಮಾಡಿದರೂ ಒಂದು ಕಡೆ 210 ಗ್ರಾಂ, ಇನ್ನೊಂದು ಕಡೆ ಖಾಲಿ. ಮೋಟಾರ್ ಅಡ್ಡ ಇರುವುದರಿಂದ ಬಲಗಡೆ ತೂಕ ತುಂಬುವವರು ಯಾರೂ ಇಲ್ಲ. ತಕ್ಕಡಿ ಅವರ ಲೆಕ್ಕ ಮತ್ತೆ ಶುರು. ಕೆಲವು ಕಾರುಗಳಿಗೆ ಕಂಪನಿಯವರೇ ಎರಡಕ್ಕೂ ತೂತು ಕೊಟ್ಟಿರುತ್ತಾರೆ. ಅಂಥದ್ದಾದರೆ ಬೇರೆ ಮಾತು, ಮಾರುವವರನ್ನು ಕೇಳಿ.

ನನಗಂತೂ ಬೆಲ್ಟ್ ಕಾರು ಇಷ್ಟ. ಸದ್ದಿಲ್ಲದೆ, ಎಣ್ಣೆ ಹಾಕಿದ ಹಾಗೆ ಹೋಗುತ್ತದೆ. ಆದರೆ ನಮ್ಮ ಮಣ್ಣಲ್ಲಿ ಸಣ್ಣ ಕಲ್ಲು ಬೆಲ್ಟಿಗೂ ಪುಲ್ಲಿಗೂ ಮಧ್ಯೆ ಸಿಕ್ಕಿದರೆ ಹಲ್ಲು ಕಿತ್ತು ಬರುತ್ತದೆ. ಹಳೇ ಕಾರಿನ ಬೆಲ್ಟ್ ಈಗ ಎಲ್ಲಿ ಹುಡುಕುತ್ತೀರಿ? ಶೋಕೇಸ್‌ಗೆ ಬೇಕಾದರೆ ಕಣ್ಣು ಮುಚ್ಚಿ ತಗೊಳ್ಳಿ. ರೇಸ್‌ಗೆ ಅಂದರೆ ಬೇಡ.

ನಿಮಗೆ ಬೇಡವಾದರೆ ಅದನ್ನು ನನಗೆ ಹೇಳಿ. ಶೋಕೇಸಲ್ಲಿ ಜಾಗ ಇದೆ.

ಕೆಂಪುಧೂಳು (ಬೆಂಗಳೂರು)

ಖಂಡಿತ ಸರ್, ಅವರ ಜೊತೆ ಮಾತಾಡಿಸುತ್ತೇನೆ. ಶಾಫ್ಟ್ ಕಿಟ್ ಇಟ್ಟಿರುವ ಅಂಗಡಿಗೆ ಹೋಗಿ ಅಳೆದು ಬಂದೆ. ಟ್ರೇ ಒಳಗಿನ ಉದ್ದ 110 ಮಿಮೀ. ನನ್ನ ಶಾರ್ಟಿ 96. ಬ್ಯಾಟರಿಯಿಂದ ವೈರ್ ಬರುವುದಿಲ್ಲ, ಮೇಲೆ ತೂತುಗಳಿವೆ, ಅದಕ್ಕೆ ಬುಲೆಟ್ ಚುಚ್ಚಬೇಕು. ಹಿಂದೆ ಮುಂದೆ 14 ಮಿಮೀ ಆಟ ಸಿಕ್ಕಿತು ಅಂತ ಲೆಕ್ಕಾನಾ?

ತಕ್ಕಡಿ (ಮಂಗಳೂರು)

ಪೂರ್ತಿ 14 ಸಿಗುತ್ತದೆ. ಸರಿಸಿದ್ದರ ಪರಿಣಾಮ ಎಷ್ಟು ಅಂದರೆ, 210 ಗುಣಿಸು 14, ಭಾಗಿಸು 1600, ಸುಮಾರು 1.8 ಮಿಮೀ. ಇಡೀ ಕಾರಿನ ನಡು ಅಷ್ಟು ಹಿಂದಕ್ಕೋ ಮುಂದಕ್ಕೋ ಹೋಗುತ್ತದೆ. ಪುಡಿ ಧೂಳಲ್ಲಿ ಅಷ್ಟು ಗೊತ್ತಾಗುತ್ತದೆ.

ಒಂದು ಗಮನಿಸಿ. ಬ್ಯಾಟರಿಯ ತೂತುಗಳು ಒಂದು ತುದಿಯಲ್ಲಿರುತ್ತವೆ. ಬ್ಯಾಟರಿ ಸರಿಸಿದಾಗ ವೈರ್ ಎಳೆದುಕೊಳ್ಳಬಾರದು, ಹಾಗಂತ ಶಾಫ್ಟ್ ಮೇಲೆ ಜೋತು ಬೀಳಲೂಬಾರದು. ವೈರನ್ನು ಹಿಂದಿನ ತುದಿಯ ಅಳತೆಗೆ ಕತ್ತರಿಸಿ ಬೆಸುಗೆ ಹಾಕಿ, ಮುಂದೆ ತಂದಾಗ ಉಳಿಯುವ ಉದ್ದವನ್ನು ಪಕ್ಕದ ಗಾರ್ಡ್‌ಗೆ ಟೈ ಹಾಕಿ ಕಟ್ಟಿ.

ಪಿಟ್ ಅಮ್ಮ (ಬೆಂಗಳೂರು)

ಬುಲೆಟ್ ಎಷ್ಟು ದಪ್ಪದ್ದು ನೋಡಿ, 4 ಮಿಮೀ, 5 ಮಿಮೀ ಎರಡೂ ಇವೆ. ನಿಮ್ಮ ಟೂ ವೀಲ್ ಕಾರಿನಲ್ಲಿ ಯಾವುದಿದೆಯೋ ಅದನ್ನೇ ಹೊಸದಕ್ಕೂ ಹಾಕಿ. ಪ್ಲಸ್‌ಗೆ ಕೆಂಪು ಟ್ಯೂಬ್ ಮರೆಯಬೇಡಿ. ಓಡಿಸಿ ಬಂದ ಮೇಲೆ ಸೆಲ್‌ಗೆ 3.8 ವೋಲ್ಟ್‌ನಲ್ಲಿ ಇಟ್ಟರೆ ಬ್ಯಾಟರಿ ಬಾಳಿಕೆ ಬರುತ್ತದೆ. ಚಾರ್ಜರ್‌ನಲ್ಲಿ ಸ್ಟೋರೇಜ್ ಅಂತ ಒಂದು ಬಟನ್ ಇರುತ್ತೆ.

ಹುಬ್ಳಿ ಥ್ರಾಟಲ್ (ಹುಬ್ಬಳ್ಳಿ)

ಕಾರು ಕೈಗೆ ಬಂದ ಮೇಲೆ ಮೊಳೆ ಮೇಲೆ ಕೂರಿಸಿ ಫೋಟೋ ಹಾಕ್ರಿ. ಯಾವ ಕಡೆ ಬೀಳುತ್ತೆ ನೋಡೋಣ.